ಲಿಫ್ಟಣ್ಣನ ನೋಬಡಿ

ಮೊದಲೇ ಹೇಳಿಬಿಡುತ್ತೇನೆ, ಪಾಠ ಹೇಳುವುದೆಂದರೆ ನನಗೆ ಪಂಚಪ್ರಾಣ ಅಂತೇನೂ ಇಲ್ಲ. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಎರಡು ಮನೆಪಾಠ, ವಾರಕ್ಕೆ ಮೂರು ದಿನ ಸಂಜೆ ನಾಲ್ಕರಿಂದ ಐದರವರೆಗೆ ಆಸ್ಪತ್ರೆಯ ನೌಕರರಿಗೆ ಇಂಗ್ಲಿಷ್ ಗ್ರಾಮರ್. ಇಷ್ಟು ಮುಗಿಸಿ ಮನೆ ಮುಟ್ಟಿದರೆ, ಬಾಗಿಲು ತೆಗೆಯುವ ಅಕ್ಕ "ಬಂದ್ಯಾ?" ಎನ್ನುತ್ತಾಳೆ. ಕಣ್ಣೆದುರು ನಿಂತವಳನ್ನು ಬಂದ್ಯಾ ಎಂದು ಏಕೆ ಕೇಳಬೇಕು ಎಂದು ಮೈಯೆಲ್ಲ ಉರಿಯುತ್ತದೆ. ಆದರೆ ಜಗಳ ಆಡುವುದಕ್ಕೂ ಶಕ್ತಿ ಬೇಕಲ್ಲ! ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಹೋಗುತ್ತೇನೆ.

ಆಸ್ಪತ್ರೆಯ ಪಾಠ ಶುರುವಾದದ್ದು ಹೊಸ ಆಡಳಿತಾಧಿಕಾರಿಯ ಆದೇಶದಿಂದ. ಇನ್ನು ಮೇಲೆ ಎಲ್ಲ ರಿಜಿಸ್ಟರುಗಳನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಂತೆ. ಆಯಾಗಳು, ಬಟ್ಟೆ ಒಗೆಯುವವರು, ಗೇಟು ಕಾಯುವವರು, ಯಾರಿಗೂ ವಿನಾಯಿತಿ ಇಲ್ಲ. ಕಲಿಸುವುದಕ್ಕೆ ನಾನು. ಒಂದು ವರ್ಷ ಚೆನ್ನಾಗಿ ನಡೆಸಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಕಾಯಂ ಆದರೆ ಶಾಲೆಯನ್ನೂ ಮನೆಪಾಠಗಳನ್ನೂ ಬಿಟ್ಟು ಒಂದೇ ಕಡೆ ಕೂತು ಉಸಿರು ಬಿಡಬಹುದು ಎಂಬುದೊಂದೇ ನನ್ನ ಆಸೆ. ಪಾಠಕ್ಕೆ ಕೊಟ್ಟ ಜಾಗ ಬಟ್ಟೆ ಉಗ್ರಾಣ. ಒಗೆದು ಮಡಿಸಿಟ್ಟ ಹಾಸುಬಟ್ಟೆಗಳ ರಾಶಿಗೆ ಕಪ್ಪು ಹಲಗೆ ಒರಗಿಸಿ ಬರೆಯುತ್ತಿದ್ದೆ. ಪಕ್ಕದ ಕೋಣೆಯ ಇಸ್ತ್ರಿಯ ಬಿಸಿಗೆ ಎಲ್ಲರಿಗೂ ತೂಕಡಿಕೆ, ನನಗೂ ಸೇರಿ. ಹದಿನಾರು ಜನರಿಂದ ಶುರುವಾದದ್ದು ಎರಡನೆಯ ತಿಂಗಳಿಗೆ ಏಳಕ್ಕೆ ಇಳಿಯಿತು. ಒಂದು ದಿನವೂ ತಪ್ಪಿಸದವರು ಒಬ್ಬರೇ, ಲಿಫ್ಟಣ್ಣ.

ಅವರಿಗೆ ಬೇರೆ ಹೆಸರು ಇತ್ತು, ಹಾಜರಿ ಪುಸ್ತಕದಲ್ಲಿ. ಆದರೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಲಿಫ್ಟಣ್ಣ. ಮೂವತ್ತೊಂದು ವರ್ಷದಿಂದ ಅದೇ ಹಳೆಯ ಲಿಫ್ಟು. ಕಬ್ಬಿಣದ ಜಾಲರಿ ಬಾಗಿಲನ್ನು ಕೈಯಲ್ಲೇ ಎಳೆದು ಮುಚ್ಚಬೇಕು. ಹಿತ್ತಾಳೆಯ ಹಿಡಿ ತಿರುಗಿಸಿದರೆ ಮೇಲೆ, ಇನ್ನೊಂದು ಕಡೆಗೆ ತಿರುಗಿಸಿದರೆ ಕೆಳಗೆ. ಕಣ್ಣು ಮುಚ್ಚಿಕೊಂಡೇ ಯಾವ ಮಹಡಿ ಎಂದು ಹೇಳುತ್ತಿದ್ದರು. ಮೊದಲನೆಯದು ಫಿನಾಯಿಲ್ ವಾಸನೆ, ಎರಡನೆಯದು ಮಕ್ಕಳ ಪೌಡರು, ಮೂರನೆಯದರಲ್ಲಿ ಸುಟ್ಟಗಾಯದ ಮುಲಾಮು. "ನಾಲ್ಕನೇದಕ್ಕೆ ವಾಸನೆ ಇಲ್ಲ ಮೇಡಂ, ಅಲ್ಲಿ ಆಫೀಸು" ಎಂದು ನಗುತ್ತಿದ್ದರು. ಕೂರಲು ಒಂದು ಸ್ಟೂಲು ಇತ್ತು. ಕೂತು ಕೆಲಸ ಮಾಡುವುದು ಶಿಸ್ತಲ್ಲ ಎಂದು ಹೊಸ ಆಡಳಿತ ಅದನ್ನೂ ಕಿತ್ತುಕೊಂಡಿತ್ತು. ಸಂಜೆಯ ಹೊತ್ತಿಗೆ ಅವರ ಪಾದಗಳು ಊದಿ ಬೂಟಿನ ಲೇಸು ಬಿಗಿಯುತ್ತಿತ್ತು. ಪಾಠಕ್ಕೆ ಬಂದವರು ಮೊದಲು ಲೇಸು ಸಡಿಲಿಸಿ, ಆಮೇಲೆ ಪುಸ್ತಕ ತೆಗೆಯುತ್ತಿದ್ದರು. ಮನೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಡತಿ. ಆಕೆ ಹೇಳುತ್ತಿದ್ದ ಮಾತನ್ನು ಅವರೇ ನಮಗೆಲ್ಲ ಹೇಳಿ ನಗಿಸಿದ್ದರು. "ಮೂವತ್ತು ವರ್ಷದಿಂದ ದಿನಾ ಮೇಲೆ ಹೋಗ್ತಾ ಇದೀರ, ಒಂದು ಸಲಾನಾದ್ರೂ ಬಡ್ತಿ ಸಿಕ್ತಾ ನಿಮಗೆ?"

ಅವರ ನೋಟ್‌ಬುಕ್ಕನ್ನು ನೋಡಬೇಕಿತ್ತು. ಹಾಳೆಯ ಮಧ್ಯೆ ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಮೇಲೆ ತಾರೀಖು. ಅಕ್ಷರಗಳು ಲಿಫ್ಟಿಗಾಗಿ ಸಾಲಾಗಿ ಕಾದು ನಿಂತ ಜನರ ಹಾಗೆ ನೆಟ್ಟಗೆ.

ಆ ಪಾಠದ ದಿನ ನನಗೆ ಚೆನ್ನಾಗಿ ನೆನಪಿದೆ. ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹಲಗೆಯ ಮೇಲೆ ಮೂರು ಸಾಲು ಬರೆದೆ. ಯಾರೋ ಬಂದರು, ಸಮ್‌ಬಡಿ ಕೇಮ್. ಎಲ್ಲರೂ ಬಂದರು, ಎವ್ರಿಬಡಿ ಕೇಮ್. ಯಾರೂ ಬರಲಿಲ್ಲ, ನೋಬಡಿ ಕೇಮ್.

ಲಿಫ್ಟಣ್ಣ ಕೈ ಎತ್ತಿದರು. "ಮೇಡಂ, ಕೊನೇದರಲ್ಲಿ ಏನೋ ಬಿಟ್ಟು ಹೋಗಿದೆ."

"ಏನೂ ಬಿಟ್ಟಿಲ್ಲ."

"ಕೇಮ್ ಅಂದ್ರೆ ಬಂದ್ರು ಅಂತ ಅಲ್ವಾ? ಬರದೇ ಇದ್ದೋರಿಗೆ ಕೇಮ್ ಅಂತ ಹೇಗೆ ಬರೆಯೋದು?"

"ನೋಬಡಿಯ ಒಳಗೇ ಇಲ್ಲ ಅನ್ನೋದು ಇದೆ ರೀ."

"ಎಲ್ಲಿ?"

ನೆಲ ಒರೆಸುವ ಹೆಂಗಸು, ನಾವೆಲ್ಲ ಬಕೆಟ್ ಅಕ್ಕ ಎನ್ನುತ್ತಿದ್ದವಳು, ಹಿಂದಿನಿಂದ ಕೂಗಿದಳು. "ನೋ ಅಂತ ಅಷ್ಟು ದಪ್ಪಗೆ ಬರೆದಿದಾರಲ್ಲ ಲಿಫ್ಟಣ್ಣ, ಕನ್ನಡಕ ಮನೇಲಿಟ್ಟು ಬಂದ್ರಾ?"

"ಅದು ಕಾಣುತ್ತಮ್ಮ. ಆದ್ರೆ ಹೀಗೆ ಬರೆದ್ರೆ ನೋಬಡಿ ಅಂತ ಒಬ್ಬ ಮನುಷ್ಯ ಬಂದು ಹೋದ ಹಾಗಾಯ್ತಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನೋಬಡಿ ನಮ್ಮ ಎಂಟನೆಯ ವಿದ್ಯಾರ್ಥಿಯಾದ. ಸೋಪು ಕಾಣದಾದರೆ ನೋಬಡಿ ಒಯ್ದ, ಕಿಟಕಿ ಮುಚ್ಚದಿದ್ದರೆ ನೋಬಡಿ ಮುಚ್ಚಿದ. ಆದರೆ ಲಿಫ್ಟಣ್ಣನಿಗೆ ಸಮಾಧಾನವಾಗಿರಲಿಲ್ಲ. "ಹೋದ ವಾರ ನೀವೇ ಹೇಳಿದ್ರಿ ಮೇಡಂ, ಇಲ್ಲ ಅಂತ ಬಂದ ಕಡೆ ಡಿಡ್ ನಾಟ್ ಹಾಕಿ ಅಂತ. ಇಲ್ಲೂ ಹಾಕ್ಲಾ? ನೋಬಡಿ ಡಿಡ್ ನಾಟ್ ಕಮ್?"

ಐದಕ್ಕೆ ಐದು ನಿಮಿಷ ಇತ್ತು. ಬಸ್ಸು ತಪ್ಪಿದರೆ ಮುಂದಿನದು ಮುಕ್ಕಾಲು ಗಂಟೆ ಬಿಟ್ಟು. ಬೆಳಿಗ್ಗೆಯಿಂದ ನಿಂತು ಸೊಂಟ ಬಿದ್ದು ಹೋಗಿತ್ತು. "ಏನಾದ್ರೂ ಹಾಕ್ಕೊಳ್ಳಿ ಪುಣ್ಯಾತ್ಮರೇ, ನನ್ನ ತಲೆ ಮಾತ್ರ ತಿನ್ನಬೇಡಿ" ಎಂದು ಹಲಗೆ ಒರೆಸಿದೆ. ಅವರು ಅದನ್ನು ಅನುಮತಿ ಎಂದುಕೊಂಡು ತಲೆಯಾಡಿಸಿ ಬರೆದುಕೊಂಡರು.

ಅದಾಗಿ ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತುಹೋಯಿತು. ಒಳಗೆ ಲಿಫ್ಟಣ್ಣ ಮತ್ತು ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ. ಆಪರೇಷನ್ ಆಗಿ ಎರಡು ದಿನವಾಗಿತ್ತಂತೆ. ಮೇಲೆ ಸಿಸ್ಟರ್ ಇಳಿಸಿಕೊಳ್ಳುತ್ತಾರೆ ಎಂದು ಆಯಾ ಕೆಳಗೇ ಒಪ್ಪಿಸಿ ಹೋಗಿದ್ದಳು, ದಿನವೂ ಹಾಗೇ ಮಾಡುತ್ತಿದ್ದರು. ಡ್ರಿಪ್ಪಿನ ಬಾಟಲಿ ಲಿಫ್ಟಣ್ಣನ ಕೈಯಲ್ಲಿತ್ತು. ಲಿಫ್ಟು ನಿಂತರೆ ಒತ್ತಲು ಒಂದು ಬೆಲ್ಲು ಉಂಟು, ಅದು ಬಡಿಯುವುದು ಕೆಳಗೆ ಕರೆಂಟ್ ಮೇಸ್ತ್ರಿಯ ಕೋಣೆಯಲ್ಲಿ. ನಾಲ್ಕು ಸಲ ಒತ್ತಿದರು. ಮೇಸ್ತ್ರಿ ಅಲ್ಲಿದ್ದರೆ ತಾನೇ? ಅವನು ಆಡಳಿತಾಧಿಕಾರಿಯ ಮನೆಯ ಫ್ಯಾನು ರಿಪೇರಿಗೆ ಹೋಗಿದ್ದ. ನಲವತ್ತು ನಿಮಿಷ ಲಿಫ್ಟಣ್ಣ ಆ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಒಂದು ಕೈ ಸೋತಾಗ ಇನ್ನೊಂದು ಕೈ. ರೋಗಿ ಎಲ್ಲಿ ಎಂದು ಸಿಸ್ಟರ್ ಹುಡುಕಿಕೊಂಡು ಬಂದ ಮೇಲೆಯೇ ಬಾಗಿಲು ತೆರೆದದ್ದು. ಮುದುಕಿಗೆ ಪ್ರಜ್ಞೆ ತಪ್ಪಿತ್ತು. ಹೊಲಿಗೆ ಒಂದೆರಡು ಬಿಟ್ಟು ಮತ್ತೆ ಹಾಕಬೇಕಾಯಿತು. ಬದುಕಿಕೊಂಡಳು. ಮಗ ದೂರು ಬರೆದುಕೊಟ್ಟ.

ಲಿಫ್ಟಣ್ಣ ನಿಯಮದಂತೆ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲೇ ಬರೆದರು. ಐ ರ್ಯಾಂಗ್ ಬೆಲ್ ಫೋರ್ ಟೈಮ್ಸ್. ನೋಬಡಿ ಡಿಡ್ ನಾಟ್ ಕಮ್. ಕೆಳಗೆ ಸಹಿ ಹಾಕಿದರು. ಬಾಟಲಿ ಹಿಡಿದ ಸಂಗತಿಯನ್ನು ಬರೆಯಲಿಲ್ಲ. ಹಿಡಿದುಕೊಳ್ಳುವುದಕ್ಕೆ ಭೂತಕಾಲ ಗೊತ್ತಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಆ ವಾರ ಮೊದಲ ಬಾರಿಗೆ ಅವರು ಪಾಠಕ್ಕೆ ಬರಲಿಲ್ಲ. ಬಕೆಟ್ ಅಕ್ಕ ಎಲ್ಲ ಹೇಳಿದಳು. "ಮೇಸ್ತ್ರಿ ಏನಂತಾನೆ ಗೊತ್ತಾ ಮೇಡಂ? ಲಿಫ್ಟಣ್ಣ ಬೆಲ್ ಒತ್ತಿದ್ದೇ ಕೊನೇಲಿ, ಒತ್ತಿದ ತಕ್ಷಣ ನಾವೆಲ್ಲ ಓಡಿ ಬಂದ್ವಿ, ಅವನೇ ಬರೆದಿದಾನಲ್ಲ ನೋಡಿ ಅಂತಾನೆ! ಮಂಗಳವಾರ ಎನ್‌ಕ್ವೈರಿ ಅಂತೆ. ಲಿಫ್ಟಣ್ಣನ್ನ ಕೆಲಸದಿಂದ ತೆಗೀತಾರಂತೆ. ಇನ್ನೊಂದೂವರೆ ವರ್ಷ ಇತ್ತು ರಿಟೈರ್ ಆಗೋಕೆ, ಪಿಂಚಣಿನೂ ಹೋಗುತ್ತೆ. ಆ ಮೇಸ್ತ್ರಿ ಬಾಯಿಗೆ ಮಣ್ಣು ಬೀಳ!"

ಮುಂದಿನ ಪಾಠಕ್ಕೆ ಲಿಫ್ಟಣ್ಣ ಬಂದರು. ಲೇಸು ಸಡಿಲಿಸಲಿಲ್ಲ. ಎಲ್ಲರೂ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು. "ಮೇಡಂ, ನೋಬಡಿ ಡಿಡ್ ನಾಟ್ ಕಮ್ ಅಂದ್ರೆ ಎಲ್ಲರೂ ಬಂದ್ರು ಅಂತಾನಾ?"

ನನ್ನ ಬಾಯಿಗೆ ಬುದ್ಧಿ ಇಲ್ಲ. "ಹೌದು ರೀ! ಎರಡು ಇಲ್ಲ ಸೇರಿದ್ರೆ ಹೌದು ಆಗುತ್ತೆ. ಅಷ್ಟು ಬಾಯಿ ಬಡಕೊಂಡು ಹೇಳಿಕೊಟ್ಟೆ, ಗೋಡೆಗೆ ಹೇಳಿದ ಹಾಗಾಯ್ತಲ್ಲ" ಎಂದು ರೇಗಿದೆ.

ಅವರು ತಲೆ ತಗ್ಗಿಸಿದರು. "ತಪ್ಪಾಯ್ತು ಮೇಡಂ" ಎಂದರು. ನೋಟ್‌ಬುಕ್ಕನ್ನು ಚೀಲಕ್ಕೆ ತುರುಕುತ್ತಿದ್ದರು. ಅವರು ತುರುಕಿದ ಆತುರ ನೋಡಿ ನನಗೆ ಏನೋ ಅನುಮಾನ ಬಂತು. ಕೊಡಿ ಇಲ್ಲಿ ಎಂದೆ. ಬೇಡ ಎಂದರು. ಕಿತ್ತುಕೊಂಡೆ ಎಂದೇ ಹೇಳಬೇಕು.

ತೆರೆದು ನೋಡಿದರೆ ನನ್ನ ಮುಖದ ನೀರಿಳಿಯಿತು. ಎಡಕ್ಕೆ, ನಿನ್ನೆ ಯಾರೂ ಬರಲಿಲ್ಲ. ಬಲಕ್ಕೆ, ನೋಬಡಿ ಡಿಡ್ ನಾಟ್ ಕಮ್ ಯೆಸ್ಟರ್‌ಡೇ. ಪಕ್ಕದಲ್ಲಿ ಕೆಂಪು ಶಾಯಿಯ ರೈಟು. ಎಡಕ್ಕೆ, ಯಾರೂ ಊಟ ಮಾಡಲಿಲ್ಲ. ಬಲಕ್ಕೆ, ನೋಬಡಿ ಡಿಡ್ ನಾಟ್ ಈಟ್. ರೈಟು. ಯಾರೂ ನೋಡಲಿಲ್ಲ, ರೈಟು. ಯಾರೂ ಕೇಳಲಿಲ್ಲ, ರೈಟು. ಎಣಿಸಿದೆ, ಒಂಬತ್ತು. ಒಂದು ಕಡೆ ವೆರಿ ಗುಡ್ ಎಂದೂ ಬರೆದಿದ್ದೆ. ಬಸ್ಸಿನಲ್ಲಿ ಕೂತು, ಅರ್ಧ ನಿದ್ದೆಯಲ್ಲಿ, ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಎಳೆಯುತ್ತಾ ಹೋದ ರೈಟುಗಳು. ಒಂದನ್ನೂ ನಾನು ಓದಿರಲಿಲ್ಲ.

"ಇದನ್ನ ಯಾಕೆ ತೋರಿಸಲಿಲ್ಲ ನೀವು? ಎಡಗಡೆ ಕನ್ನಡ ಇದೆ, ತಾರೀಖಿದೆ. ನೀವು ಈ ಮಾತನ್ನ ಯಾವ ಅರ್ಥದಲ್ಲಿ ಬರೀತೀರ ಅಂತ ಇದನ್ನ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ!"

"ತೋರಿಸೋಣ ಅಂತ ಹೊರಟಿದ್ದೆ ಮೇಡಂ. ಮನೆಯವಳೇ ಬೇಡ ಅಂದ್ಲು. ಅದರಲ್ಲಿ ಟೀಚರಮ್ಮನ ರೈಟಿದೆ, ಅವರಿಗೂ ಕೆಲಸ ಹೋಗುತ್ತಲ್ಲ ಅಂದ್ಲು. ನೀವು ಕಾಯಂ ಆಗೋದಿದೆಯಂತಲ್ಲ."

ಆ ಹೆಂಗಸನ್ನು ನಾನು ನೋಡಿಯೂ ಇರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. "ಈಗೇನು ಮಾಡ್ತೀಯ?" ಎಂದಳು.

"ಗೊತ್ತಿಲ್ಲ. ನಾನೇನು ಅವರಿಗೆ ತಪ್ಪು ಹೇಳಿಕೊಡಲಿಲ್ಲ. ಹಲಗೆ ಮೇಲೆ ಸರಿಯಾಗೇ ಬರೆದಿದ್ದೆ."

"ಸರಿ ಹಾಗಾದ್ರೆ. ಬಿಡು."

"ಹೇಗೆ ಬಿಡೋದು? ರೈಟ್ ಹಾಕಿದೀನಲ್ಲ."

"ಹಾಗಾದ್ರೆ ಹೋಗು."

"ಹೋದ್ರೆ ಕೆಲಸ ಹೋಗುತ್ತೆ ಕಣೇ! ಇನ್ನೂ ಎಷ್ಟು ವರ್ಷ ನಾನು ಮೂರು ಕಡೆ ಓಡಾಡಲಿ? ಸಾಕಾಗಿದೆ ನನಗೆ, ಸತ್ತು ಹೋಗೋಷ್ಟು ಸಾಕಾಗಿದೆ."

ಅಕ್ಕ ಮಡಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಿಸಿದಳು. "ಸಾಕಾಗಿದೆ ಅಂತ ನೀನು ಹೇಳೋಕೆ ನಾನಿದೀನಿ. ಅವರು ಯಾರ ಹತ್ತಿರ ಹೇಳ್ತಾರೆ?" ಎಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಊಟ ಮಾಡದೆ ಮಲಗಿದೆ.

ಮಂಗಳವಾರ ಶಾಲೆಗೆ ರಜೆ ಹಾಕಿ ಹೋದೆ. ಹೋಗುತ್ತೇನೆ ಎಂದು ಹೋಗುವವರೆಗೂ ನನಗೇ ನಂಬಿಕೆ ಇರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಒಮ್ಮೆ ಹಿಂದೆ ತಿರುಗಿದ್ದೂ ಉಂಟು. ಲಿಫ್ಟಿನಲ್ಲಿ ಬೇರೆ ಯಾರೋ ನಿಂತಿದ್ದರು. ಮೆಟ್ಟಿಲು ಹತ್ತಿದೆ. ನಾಲ್ಕನೆಯ ಮಹಡಿಯಲ್ಲಿ ನಿಜವಾಗಿಯೂ ಯಾವ ವಾಸನೆಯೂ ಇರಲಿಲ್ಲ.

ಒಳಗೆ ಉದ್ದದ ಮೇಜು. ಅದರ ಆಚೆ ಹೊರಗಿನಿಂದ ಬಂದ ವಿಚಾರಣಾಧಿಕಾರಿ, ಪಕ್ಕದಲ್ಲಿ ನಮ್ಮ ಆಡಳಿತಾಧಿಕಾರಿ. ಗೋಡೆಗೆ ಒರಗಿ ಕರೆಂಟ್ ಮೇಸ್ತ್ರಿ. ಮಧ್ಯದಲ್ಲಿ ಲಿಫ್ಟಣ್ಣ, ನಿಂತುಕೊಂಡೇ. ಖಾಲಿ ಕುರ್ಚಿಗಳು ನಾಲ್ಕಿದ್ದವು, ಕೂತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ.

"ಇವರು ಯಾರು?" ವಿಚಾರಣಾಧಿಕಾರಿ ನನ್ನನ್ನು ನೋಡಿ ಕೇಳಿದರು.

"ಇಂಗ್ಲಿಷ್ ಹೇಳಿಕೊಡೋರು ಸಾರ್. ಇವರನ್ನ ನಾವು ಕರೆದಿರಲಿಲ್ಲ" ಎಂದರು ಆಡಳಿತಾಧಿಕಾರಿ.

"ಕರೀಬೇಕಿತ್ತು" ಎಂದೆ. ದನಿ ನಡುಗಿತು. ನಡುಗಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂದು ಜೋರಾಯಿತು. "ಆ ವಾಕ್ಯ ತಪ್ಪು ಸಾರ್. ಯಾರೂ ಬರಲಿಲ್ಲ ಅನ್ನೋದನ್ನ ಅವರು ಹಾಗೆ ಬರೆದಿದಾರೆ. ಯಾರೂ ಅನ್ನೋದಕ್ಕೆ ನೋಬಡಿ, ಇಲ್ಲ ಅನ್ನೋದಕ್ಕೆ ಡಿಡ್ ನಾಟ್. ಕನ್ನಡದಲ್ಲಿ ಯೋಚನೆ ಮಾಡೋರೆಲ್ಲ ಮಾಡೋ ತಪ್ಪು ಅದು."

ವಿಚಾರಣಾಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅವರೂ ದಣಿದವರ ಹಾಗೆ ಕಂಡರು. "ನಮಗೆ ಅರ್ಥ ಆಗುತ್ತಮ್ಮ. ಫೈಲಿಗೆ ಅರ್ಥ ಆಗಲ್ಲ. ಎಲ್ಲಾ ಆದ ಮೇಲೆ ನಾನು ಹೇಳಿದ್ದು ಹಾಗಲ್ಲ ಹೀಗೆ ಅಂದ್ರೆ ಏನು ಮಾಡೋದು? ಘಟನೆಗೆ ಮುಂಚೆಯಿಂದ ಅವರು ಹಾಗೇ ಬರೀತಿದ್ರು ಅನ್ನೋಕೆ ಏನಾದ್ರೂ ಇದೆಯಾ?"

ಲಿಫ್ಟಣ್ಣ ನನ್ನತ್ತ ತಿರುಗಿ ಬೇಡ ಎಂದು ತಲೆಯಾಡಿಸಿದರು. ಅವರ ಚೀಲ ಕಾಲ ಬಳಿ ಇತ್ತು. ನಾನು ಬಗ್ಗಿ, ಕೇಳದೆಯೇ ತೆರೆದು, ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ.

ಅವರು ಒಂದೊಂದೇ ಹಾಳೆ ತಿರುಗಿಸಿದರು. ತಾರೀಖು ನೋಡಿದರು. ಎಡಕ್ಕೆ ಓದಿದರು, ಬಲಕ್ಕೆ ಓದಿದರು. ಮೇಸ್ತ್ರಿ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಈ ರೈಟ್ ಮಾರ್ಕ್‌ಗಳನ್ನ ಹಾಕಿದ್ದು ಯಾರು?"

ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೇ ಬಂದಿದ್ದೆ. ಆದರೂ ನಾಲಿಗೆಯ ತುದಿಗೆ ಬಂದದ್ದು ಬೇರೆ. ಕ್ಲಾಸಿನಲ್ಲಿ ಒಬ್ಬರದನ್ನು ಒಬ್ಬರು ತಿದ್ದಿಕೊಳ್ಳುತ್ತಾರೆ ಸಾರ್, ಯಾರೋ ಹಾಕಿರಬೇಕು. ಎಷ್ಟು ಸಲೀಸಾದ ಮಾತು! ಇಪ್ಪತ್ತು ವರ್ಷದಿಂದ ಈ ಯಾರೋ ಎಂಬುವರನ್ನು ನಾನು ಮಕ್ಕಳಿಗೆ ಕಲಿಸಿದ್ದೇನೆ. ಇವರ ಬೆನ್ನ ಹಿಂದೆ ಅಡಗಿಕೊಳ್ಳಲು ಎಷ್ಟು ಜಾಗ ಇದೆ ಎಂದು ಅವತ್ತೇ ತಿಳಿದದ್ದು. ನಾಲಿಗೆ ಕಚ್ಚಿಕೊಂಡೆ.

"ನಾನು" ಎಂದೆ. "ಓದದೇ ಹಾಕಿದೆ. ಒಂಬತ್ತೂ ನಾನೇ ಹಾಕಿದ್ದು."

ಆಡಳಿತಾಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ವಿಚಾರಣಾಧಿಕಾರಿ ಮೇಸ್ತ್ರಿಯ ಕಡೆ ತಿರುಗಿದರು. "ಆ ಹೊತ್ತಲ್ಲಿ ನೀವೆಲ್ಲಿದ್ರಿ?" ಮೇಸ್ತ್ರಿ ಆಡಳಿತಾಧಿಕಾರಿಯ ಮುಖ ನೋಡಿದ. ಎರಡನೆಯ ಸಲ ಕೇಳಿದಾಗ, "ಸಾಹೇಬರ ಮನೇಲಿ, ಫ್ಯಾನು…" ಎಂದ. ಮುಂದೆ ಹೇಳಬೇಕಾಗಿ ಬರಲಿಲ್ಲ.

ಲಿಫ್ಟಣ್ಣನ ಕೆಲಸ ಉಳಿಯಿತು. ಮೇಸ್ತ್ರಿಗೆ ಒಂದು ಮೆಮೊ, ಸಾಹೇಬರಿಗೆ ಏನೂ ಇಲ್ಲ. ನನಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪತ್ರ. ತಿಂಗಳ ಕೊನೆಗೆ ತರಗತಿ ನಿಲ್ಲುತ್ತದೆ, ಸಹಕಾರಕ್ಕೆ ಧನ್ಯವಾದ. ಅದನ್ನು ಅಕ್ಕನಿಗೆ ಕೊಟ್ಟೆ. ಓದಿ, "ಇದರಲ್ಲಿ ಒಂದೂ ತಪ್ಪಿಲ್ಲ ಅಲ್ವಾ?" ಎಂದಳು. ಇಬ್ಬರಿಗೂ ನಗು ಬಂತು. ಆಮೇಲೆ ನನಗೆ ಅಳು ಬಂತು. ಕಾಯಂ ಆಗುವ ಆಸೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈಗಲೂ ಬಸ್ಸಿನಲ್ಲಿ ನಿಂತಿರುವಾಗ, ತೆಪ್ಪಗೆ ಮನೆಯಲ್ಲಿ ಇದ್ದುಬಿಟ್ಟಿದ್ದರೆ ಎಂದು ಅನಿಸುವುದುಂಟು. ಅನಿಸುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಕೊನೆಯ ಪಾಠದ ದಿನ ಏಳೂ ಜನ ಬಂದಿದ್ದರು. ಈ ತಿಂಗಳು ಏನು ನಡೆಯಿತು, ಭೂತಕಾಲದಲ್ಲಿ ನಾಲ್ಕು ವಾಕ್ಯ ಬರೆಯಿರಿ ಎಂದೆ. ಬಕೆಟ್ ಅಕ್ಕ ಒಂದೇ ಬರೆದು, ಉಳಿದ ಮೂರನ್ನು ನೋಬಡಿ ಬರೆದ ಎಂದಳು. ಪಾಠ ಮುಗಿದು ಎಲ್ಲರೂ ಹೊರಟ ಮೇಲೆ ಲಿಫ್ಟಣ್ಣ ನನ್ನನ್ನು ಕೆಳಗೆ ಬಿಡುತ್ತೇನೆ ಎಂದರು. ಉಗ್ರಾಣ ಇರುವುದು ಮೊದಲನೆಯ ಮಹಡಿ, ಹದಿನೆಂಟು ಮೆಟ್ಟಿಲು. ಆದರೂ ಹತ್ತಿದೆ. ಜಾಲರಿ ಎಳೆದು, ಹಿಡಿ ತಿರುಗಿಸುವ ಮೊದಲು ನೋಟ್‌ಬುಕ್ಕನ್ನು ಚಾಚಿದರು. ರಟ್ಟಿನ ಮೇಲೆ ವಿಚಾರಣೆಯ ಮೊಹರು ಬಿದ್ದಿತ್ತು.

ನಿಂತಲ್ಲೇ ಓದಿದೆ. ಮಂಗಳವಾರ ವಿಚಾರಣೆ ಇತ್ತು. ಆನ್ ಟ್ಯೂಸ್‌ಡೇ ದೇರ್ ವಾಸ್ ಆ್ಯನ್ ಎನ್‌ಕ್ವೈರಿ. ಎಲ್ಲರೂ ಕೂತಿದ್ದರು. ಎವ್ರಿಬಡಿ ವರ್ ಸಿಟಿಂಗ್. ಯಾರೂ ನನ್ನ ಪರವಾಗಿ ಮಾತಾಡಲಿಲ್ಲ. ನೋಬಡಿ ಸ್ಪೋಕ್ ಫಾರ್ ಮಿ. ಆಮೇಲೆ ಯಾರೋ ಬಂದರು. ದೆನ್ ಸಮ್‌ಬಡಿ ಕೇಮ್.

ಸ್ವಲ್ಪ ಹೊತ್ತು ನನಗೆ ಅಕ್ಷರ ಕಾಣಲಿಲ್ಲ.

"ಯಾರೋ ಅಂತ ಯಾಕೆ ಬರೆದ್ರಿ? ನಾನು ಬಂದದ್ದು ನಿಮಗೆ ಗೊತ್ತಲ್ಲ?"

"ಗೊತ್ತು ಮೇಡಂ. ಬರೆದದ್ದೆಲ್ಲ ಫೈಲಿಗೆ ಹೋಗುತ್ತಲ್ಲ, ಮತ್ತೆ ನಿಮ್ಮ ಹೆಸರು ಬರೋದು ಬೇಡ ಅಂತ."

ಕೆಂಪು ಪೆನ್ನು ತೆಗೆದೆ. ಎವ್ರಿಬಡಿ ವರ್ ಎಂಬಲ್ಲಿ ವರ್ ಹೊಡೆದು ಮೇಲೆ ವಾಸ್ ಬರೆದೆ. ಎಲ್ಲರೂ ಅಂದ್ರೆ ಅಷ್ಟೊಂದು ಜನ, ಅದಕ್ಕೆ ವಾಸ್ ಯಾಕೆ ಮೇಡಂ ಎಂದು ಕೇಳಿದರು. ಬಸ್ಸಿಗೆ ಹೊತ್ತಾಗಿತ್ತು. ಲಿಫ್ಟನ್ನು ನಿಲ್ಲಿಸಿಕೊಂಡೇ, ಅವರಿಗೆ ಅರ್ಥವಾಗುವವರೆಗೆ ಹೇಳಿದೆ. ಆಮೇಲೆ ಕೊನೆಯ ಸಾಲನ್ನು ಎರಡು ಸಲ ಓದಿ ರೈಟು ಹಾಕಿದೆ.